ಅಕ್ಕನ ಮಗನನ್ನು ರಿಹ್ಯಾಬ್‌ನಿಂದ ಬಿಡಿಸಿಕೊಂಡು ಬಂದದ್ದು

ಬೆಳಗಿನ ಜಾವ ಮನೆಗೆ ಬಂದು, ಮಲಗಿರುವ ಹುಡುಗನನ್ನು ಎಬ್ಬಿಸಿ, ಬೇರೆ ರಾಜ್ಯದ ಚಟ ಬಿಡಿಸುವ ಕೇಂದ್ರಕ್ಕೆ, ಅಂದರೆ ರಿಹ್ಯಾಬ್‌ಗೆ ಕೊಂಡೊಯ್ದು ಬಿಡುವುದು ಅಮೆರಿಕದಲ್ಲಿ ಒಂದು ಉದ್ಯೋಗ. ಅದಕ್ಕೆ ಅಂತಲೇ ಕಂಪನಿಗಳಿವೆ. ಅಪ್ಪ ಅಮ್ಮ ಸಹಿ ಹಾಕಿದರೆ ಆಯ್ತು, ಮಗನ ಒಪ್ಪಿಗೆಯನ್ನು ಹೆಚ್ಚಿನ ಕಡೆ ಯಾರೂ ಕೇಳುವುದಿಲ್ಲ. ನನ್ನ ಅಕ್ಕನ ಮಗ ಹೋದದ್ದೂ ಹಾಗೇ. ದೊಡ್ಡ ಮೈಕಟ್ಟಿನ ಇಬ್ಬರು ಬಂದು, ಸುಮ್ನೆ ಹೊರಟರೆ ಸುಲಭ, ಹಟ ಮಾಡಿದರೆ ನಮಗೆ ಬೇರೆ ದಾರಿ ಗೊತ್ತು ಅಂದರಂತೆ. ಅಕ್ಕ ಭಾವ ಪಕ್ಕದ ಕೋಣೆಯಲ್ಲೇ ಇದ್ದರು. ಹೊರಗೆ ಬರಬೇಡಿ, ನಿಮ್ಮನ್ನು ನೋಡಿದರೆ ಗಲಾಟೆ ಜಾಸ್ತಿ ಆಗುತ್ತೆ ಎಂದು ಕಂಪನಿಯವರು ಮೊದಲೇ ಹೇಳಿಟ್ಟಿದ್ದರು.

ಅಕ್ಕ ಭಾವನ ಭಯ ಸುಳ್ಳಲ್ಲ. ಹುಡುಗನಿಗೆ ಹದಿನಾರು. ಮೊದಲು ಗಾಂಜಾ ಎಣ್ಣೆಯ ವೇಪ್, ಅಂದರೆ ಎಲೆಕ್ಟ್ರಾನಿಕ್ ಸಿಗರೇಟು. ಆಮೇಲೆ ಒಂದು ದಿನ ಅವನ ಜೀನ್ಸ್ ಜೇಬಿನಲ್ಲಿ ನೀಲಿ ಮಾತ್ರೆ ಸಿಕ್ಕಿತು. ಒಂದು ಮುಖದಲ್ಲಿ ಎಂ ಅಕ್ಷರ, ಇನ್ನೊಂದರಲ್ಲಿ 30. ಆಕ್ಸಿಕೊಡೋನ್ ನೋವಿನ ಮಾತ್ರೆಯ ಹಾಗೆ ಕಾಣುತ್ತೆ. ಬೀದಿಯಲ್ಲಿ ಸಿಗುವುದರಲ್ಲಿ ಬಹುಪಾಲು ನಕಲಿ, ಒಳಗಿರುವುದು ಫೆಂಟನಿಲ್, ಚಿಟಿಕೆಯಷ್ಟಕ್ಕೇ ಕೊಲ್ಲಬಲ್ಲ ಮಾದಕ. ಮೊದಲ ಮಾತ್ರೆಗೇ ಪ್ರಾಣ ಹೋದ ಮಕ್ಕಳಿದ್ದಾರೆ. ಆ ರಾತ್ರಿ ಅಕ್ಕ ನನಗೆ ಫೋನ್ ಮಾಡಿದಾಗ ಮಾತೇ ಹೊರಡುತ್ತಿರಲಿಲ್ಲ. ಯಾರೋ ಒಬ್ಬ ಸಲಹೆಗಾರರ ನಂಬರ್ ಕೊಟ್ಟರು. ಆ ಸಲಹೆಗಾರರು ಫೀಸು ತೆಗೆದುಕೊಂಡು ಯೂಟಾ ರಾಜ್ಯದ ಒಂದು ಕೇಂದ್ರದ ಹೆಸರು ಹೇಳಿದರು. ತಿಂಗಳಿಗೆ ಹತ್ತು ಸಾವಿರ ಡಾಲರಿಗೂ ಮೇಲೆ. ಸ್ವಲ್ಪ ಇನ್ಶೂರೆನ್ಸ್ ಕೊಡುತ್ತೆ, ಉಳಿದದ್ದು ಕೈಯಿಂದ. ಬೆಟ್ಟ, ಕುದುರೆ, ನಗುವ ಮಕ್ಕಳ ಫೋಟೊ ಇರುವ ಚೆಂದದ ವೆಬ್‌ಸೈಟ್. ಇಂಥ ಕೇಂದ್ರಗಳು ಯೂಟಾದಲ್ಲಿ ಬಹಳ.

ನಾನು ಬೇರೆ ರಾಜ್ಯದಲ್ಲಿರುವವಳು. ಕೆಲಸ ಮೆಡಿಕಲ್ ಬಿಲ್ಲಿಂಗ್. ಡಾಕ್ಟರು ಮಾಡಿದ ಕೆಲಸಕ್ಕೆ ಯಾವ ಕೋಡ್ ಹಾಕಬೇಕು, ಇನ್ಶೂರೆನ್ಸ್ ಎಷ್ಟು ಕೊಡುತ್ತೆ ಅಂತ ನೋಡುವುದೇ ದಿನವಿಡೀ. ಆ ಕೆಲಸ ಮುಂದೆ ಉಪಯೋಗಕ್ಕೆ ಬಂತು, ಆದರೆ ನನಗೆ ಮೊದಲು ಅನುಮಾನ ಬಂದದ್ದು ಬಿಲ್ಲಿನಿಂದ ಅಲ್ಲ, ಪೋಷಕರಿಗೆ ಕೊಟ್ಟ ಕೈಪಿಡಿಯಿಂದ. ಅಕ್ಕ ಅದನ್ನು ನನಗೂ ಕಳಿಸಿದ್ದಳು. ಅದರಲ್ಲಿ ಒಂದು ಪುಟ, ನಿಮ್ಮ ಮಗು ಏನೇನು ಹೇಳಬಹುದು ಅನ್ನುವ ಪಟ್ಟಿ. ಊಟ ಸರಿಯಿಲ್ಲ ಅನ್ನುತ್ತೆ. ನಾನು ಬದಲಾಗಿದ್ದೇನೆ, ಕರ್ಕೊಂಡು ಹೋಗಿ ಅನ್ನುತ್ತೆ. ಸ್ಟಾಫ್ ಹೊಡೆಯುತ್ತಾರೆ ಅನ್ನುತ್ತೆ. ಇದೆಲ್ಲ ನಿಮ್ಮನ್ನು ಆಡಿಸುವ ತಂತ್ರ, ನಂಬಬೇಡಿ, ಕೂಡಲೇ ಥೆರಪಿಸ್ಟ್‌ಗೆ ತಿಳಿಸಿ.

ನಾನು ಭಾವನಿಗೆ ಫೋನ್ ಮಾಡಿದೆ. "ಭಾವ, ಹೊಡೆದರು ಅಂತ ಹೇಳಿದರೆ ನಂಬಬೇಡಿ ಅಂತ ಮೊದಲೇ ಬರೆದಿಟ್ಟಿದ್ದಾರೆ. ನಿಜವಾಗಿ ಹೊಡೆದರೆ ನಮಗೆ ಗೊತ್ತಾಗೋದು ಹೇಗೆ?"

"ನೋಡಮ್ಮಾ, ಅವರು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾರೆ. ಅವನು ನಮಗೂ ಎಷ್ಟು ಸುಳ್ಳು ಹೇಳಿದ್ದಾನೆ ನಿಂಗೆ ಗೊತ್ತಲ್ವಾ?"

ಅದೂ ನಿಜವೇ. ಡ್ರಗ್ಸ್ ತಗೊಳ್ಳುವ ಮಕ್ಕಳು ಸುಳ್ಳು ಹೇಳುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದೇ ಆ ಒಂದು ನಿಜದ ಮೇಲೆ.

ಮೊದಲ ಕೆಲವು ವಾರ ಫೋನೇ ಇಲ್ಲ. ಬ್ಲ್ಯಾಕೌಟ್ ಅನ್ನುತ್ತಾರೆ ಅದಕ್ಕೆ. ಹೊಂದಿಕೊಳ್ಳಲು ಸಮಯ ಬೇಕು ಅನ್ನುವುದು ಕಾರಣ. ಆಮೇಲೆ ವಾರಕ್ಕೊಂದು ಕರೆ, ಸ್ಪೀಕರ್‌ನಲ್ಲಿ, ಥೆರಪಿಸ್ಟ್ ಪಕ್ಕದಲ್ಲೇ ಕೂತು. ಅಕ್ಕ ನನ್ನನ್ನೂ ಒಮ್ಮೆ ಸೇರಿಸಿಕೊಂಡಳು. ಹುಡುಗ ಓದಿ ಒಪ್ಪಿಸುವ ಹಾಗೆ ಮಾತಾಡುತ್ತಿದ್ದ. ನಾನು ಜವಾಬ್ದಾರಿ ತಗೊಳ್ತಿದ್ದೇನೆ, ನನ್ನ ಲೆವೆಲ್ ಮೇಲೆ ಕೆಲಸ ಮಾಡ್ತಿದ್ದೇನೆ, ಇತ್ಯಾದಿ. ಲೆವೆಲ್ ಅಂದರೆ ನಡತೆ ನೋಡಿ ಕೇಂದ್ರದವರು ಕೊಡುವ ಮೆಟ್ಟಿಲು. ಮಧ್ಯದಲ್ಲಿ ಒಂದು ಸಲ, "ಚಿಕ್ಕಿ, ಇಲ್ಲಿ..." ಅಂದ. ಅಷ್ಟೇ. ತಕ್ಷಣ ಹೆಂಗಸಿನ ದನಿ: ಇಂಗ್ಲಿಷ್ ಮಾತ್ರ, ದಯವಿಟ್ಟು. ಅವನು ಇಂಗ್ಲಿಷಿಗೆ ತಿರುಗಿದ. ಮತ್ತೆ ಅದೇ ಒಪ್ಪಿಸುವ ದನಿ.

ಆ ಹೊತ್ತಿಗೆ ನಮ್ಮಮ್ಮ ಊರಿನಿಂದ ಬಂದು ಅಕ್ಕನ ಮನೆಯಲ್ಲಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅಜ್ಜಿ ಮಾತಾಡಬೇಕು ಅಂದರೆ ಕೇಂದ್ರದವರು ಆಗಲ್ಲ ಅಂದರು. ಭಾಷೆ ನಮಗೆ ಅರ್ಥವಾಗಲ್ಲ, ಚಿಕಿತ್ಸೆಗೆ ಸುರಕ್ಷಿತವಲ್ಲ. ಮೊಮ್ಮಗನ ಜೊತೆ ಅಜ್ಜಿ ಮಾತಾಡಿದರೆ ಯಾವ ಚಿಕಿತ್ಸೆಗೆ ಕುತ್ತು ಬರುತ್ತೆ ಅಂತ ಅಮ್ಮ ಕೇಳಿದರು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆ ವಾರದಿಂದ ನಾನು ರಾತ್ರಿ ಕೂತು ಓದಲು ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯ್ತು. ಇದು ಯಾರೋ ಒಬ್ಬ ಕೆಟ್ಟ ನೌಕರ ಮಾಡುವ ತಪ್ಪಿನ ಕಥೆಯಲ್ಲ, ಹಳೆಯ ಪದ್ಧತಿ. ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಚಾರ್ಲ್ಸ್ ಡೆಡರಿಕ್ ಅನ್ನುವ ಮಾಜಿ ಕುಡುಕ ಸಿನಾನಾನ್ ಅನ್ನುವ ಸಂಸ್ಥೆ ಕಟ್ಟಿದ. ಚಟ ಬಿಡಿಸುವುದು ಉದ್ದೇಶ. ಅಲ್ಲಿ ಒಂದು ಆಟ, ಹೆಸರೇ ಗೇಮ್. ಎಲ್ಲರೂ ವೃತ್ತವಾಗಿ ಕೂರುವುದು, ಒಬ್ಬನನ್ನು ಹಿಡಿದು ಉಳಿದವರೆಲ್ಲ ಬಾಯಿಗೆ ಬಂದಂತೆ ಬೈಯುವುದು. ಮನುಷ್ಯನನ್ನು ಪೂರ್ತಿ ಮುರಿದರೆ ಆಮೇಲೆ ಹೊಸದಾಗಿ ಕಟ್ಟಬಹುದು ಅನ್ನುವ ನಂಬಿಕೆ. ಸಿನಾನಾನ್ ಕೊನೆಗೆ ಹಿಂಸೆಯ ಪಂಥವಾಗಿ ಮುಳುಗಿತು. ಆದರೆ ಅದರ ಆಟ ಉಳಿಯಿತು. 1970ರಲ್ಲಿ ಫ್ಲಾರಿಡಾದಲ್ಲಿ ಸೀಡ್ ಅನ್ನುವ ಕಾರ್ಯಕ್ರಮ ಅದನ್ನೇ ಹದಿಹರೆಯದವರ ಮೇಲೆ ಹೂಡಿತು. 1974ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿಯೇ ಸೀಡ್‌ನ ವಿಧಾನಗಳನ್ನು ಉತ್ತರ ಕೊರಿಯನ್ನರು ಯುದ್ಧಕೈದಿಗಳ ಮನಸ್ಸು ತೊಳೆಯಲು ಬಳಸಿದ ವಿಧಾನಗಳಿಗೆ ಹೋಲಿಸಿತು.

ಇಷ್ಟಾದ ಮೇಲೆ ನಿಂತಿರಬೇಕಲ್ವಾ? ಎರಡೇ ವರ್ಷಕ್ಕೆ, 1976ರಲ್ಲಿ, ಅದೇ ಫ್ಲಾರಿಡಾದಲ್ಲಿ ಸ್ಟ್ರೇಟ್ ಅನ್ನುವ ಇನ್ನೊಂದು ಹುಟ್ಟಿತು. ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. ಆಗಿನ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಹೋಗಿ ಹೊಗಳಿದರು. 1985ರಲ್ಲಿ ರಾಜಕುಮಾರಿ ಡಯಾನಾರನ್ನೂ ಕರೆದೊಯ್ದರು. ಅದಕ್ಕೆ ಮುಂಚೆಯೇ, 1983ರಲ್ಲಿ, ಜ್ಯೂರಿಯೊಂದು ಒಬ್ಬ ಕಾಲೇಜು ಹುಡುಗನಿಗೆ 2,20,000 ಡಾಲರ್ ಪರಿಹಾರ ಕೊಡಿಸಿತ್ತು. ಅವನು ಒಳಗಿದ್ದ ತಮ್ಮನನ್ನು ನೋಡಲು ಹೋದವನು, ಅವನನ್ನೂ ಹಿಡಿದಿಟ್ಟುಕೊಂಡಿದ್ದರು! ಸ್ಟ್ರೇಟ್ ಪೂರ್ತಿ ಮುಚ್ಚಿದ್ದು 1993ರಲ್ಲಿ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2007ರಲ್ಲಿ ಕೊಟ್ಟ ವರದಿಯ ಪ್ರಕಾರ, 2005ರ ಒಂದೇ ವರ್ಷದಲ್ಲಿ 33 ರಾಜ್ಯಗಳು ಇಂಥ ವಸತಿ ಕೇಂದ್ರಗಳ 1,619 ಸಿಬ್ಬಂದಿ ದೌರ್ಜನ್ಯದ ಪ್ರಕರಣಗಳಲ್ಲಿ ಭಾಗಿಯಾಗಿದ್ದಾರೆ ಎಂದು ವರದಿ ಮಾಡಿದ್ದವು. ಮಕ್ಕಳು ಸತ್ತ ಪ್ರಕರಣಗಳನ್ನೂ ಜಿಎಒ ಬಿಡಿಸಿ ನೋಡಿತ್ತು.

ನಾನು ಇದನ್ನೆಲ್ಲ ಅಕ್ಕನಿಗೆ ಕಳಿಸಲಿಲ್ಲ. ಕಳಿಸಿದ್ದರೆ ಭಾವ, ಅದು ಹಳೇ ಕಾಲ, ಇದು ಲೈಸೆನ್ಸ್ ಇರೋ ಜಾಗ ಅನ್ನುತ್ತಿದ್ದರು. ನನಗೆ ಬೇಕಿದ್ದದ್ದು ನಮ್ಮ ಹುಡುಗನ ಬಗ್ಗೆ ಏನಾದರೂ ಗಟ್ಟಿ ವಿಷಯ. ಅದು ಸಿಕ್ಕಿದ್ದು ಇಒಬಿಯಲ್ಲಿ.

ಇಒಬಿ ಅಂದರೆ ಇನ್ಶೂರೆನ್ಸ್ ಕಂಪನಿ ಮನೆಗೆ ಕಳಿಸುವ ವಿವರಪಟ್ಟಿ. ಯಾವ ದಿನ, ಯಾವ ಸೇವೆ, ಎಷ್ಟು ಹಣ. ಜಾಸ್ತಿ ಜನ ಓದದೆ ಎಸೆಯುತ್ತಾರೆ. ಅಕ್ಕನ ಆನ್‌ಲೈನ್ ಖಾತೆಯಿಂದ ನಾನು ಎಲ್ಲ ತೆಗೆದು ಹರಡಿಕೊಂಡೆ. ವಾರಕ್ಕೆರಡು ಸಲ 90837. ಇದು ಒಬ್ಬರ ಜೊತೆ ಕೂತು ಮಾಡುವ ಒಂದು ಗಂಟೆಯ ಥೆರಪಿಯ ಕೋಡ್, ಕಡಿಮೆ ಅಂದರೂ 53 ನಿಮಿಷ ಆಗಿರಬೇಕು. ದಿನಾ 90853, ಅಂದರೆ ಗುಂಪು ಥೆರಪಿ. ಜೊತೆಗೆ ಮೂತ್ರ ಪರೀಕ್ಷೆ, ಎಷ್ಟೊಂದು ಅಂದರೆ, ಹೊರಗೆ ಕಾಲಿಡಲು ಬಿಡದ ಹುಡುಗನಿಗೆ ಇಷ್ಟು ಸಲ ಯಾಕೆ ಅಂತ ಯಾರಿಗಾದರೂ ಅನ್ನಿಸಬೇಕು. ಇನ್ನೊಂದು ಕಣ್ಣಿಗೆ ಹೊಡೆಯಿತು. ಮನೋವೈದ್ಯರು ನೋಡಿದ ಒಂದು ಸಾಲೂ ಅಲ್ಲಿರಲಿಲ್ಲ. ಡ್ರಗ್ಸ್ ಚಿಕಿತ್ಸೆ ಅಂತ ಸೇರಿಸಿಕೊಂಡ ಹುಡುಗನನ್ನು ತಿಂಗಳುಗಟ್ಟಲೆ ಒಬ್ಬ ಡಾಕ್ಟರೂ ನೋಡಿಲ್ಲ.

ಇದನ್ನು ತೋರಿಸಿದಾಗ ಭಾವ ಮೊದಲ ಸಲ ಸುಮ್ಮನಾದರು. ಅವರು ಲೆಕ್ಕದ ಮನುಷ್ಯ. ಅಳು ಅವರನ್ನು ಕದಲಿಸಲಿಲ್ಲ, ಕಾಲಂ ಕದಲಿಸಿತು. ನನಗೆ ಸಿಟ್ಟು ಬಂತು, ಆದರೆ ಆಗ ಸಿಟ್ಟಿಗಿಂತ ಅವರ ಸಹಿ ಮುಖ್ಯವಾಗಿತ್ತು.

ಮುಂದಿನ ಹೆಜ್ಜೆ ಫೋನ್. ಯೂಟಾದಲ್ಲಿ 2021ರಲ್ಲಿ ಸೆನೆಟ್ ಬಿಲ್ 127 ಅನ್ನುವ ಮಸೂದೆ ಕಾನೂನಾಯಿತು. ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ತಾನು ಹದಿಹರೆಯದಲ್ಲಿ ಯೂಟಾದ ಕೇಂದ್ರವೊಂದರಲ್ಲಿ ಅನುಭವಿಸಿದ್ದನ್ನು ಸಮಿತಿಯ ಮುಂದೆ ಹೇಳಿದ್ದು ಇದೇ ಮಸೂದೆಗಾಗಿ. ಅದರ ಪ್ರಕಾರ ಸರ್ಕಾರ ಈ ಕೇಂದ್ರಗಳನ್ನು ವರ್ಷಕ್ಕೆ ನಾಲ್ಕು ಸಲ ತಪಾಸಣೆ ಮಾಡಬೇಕು. ಮಗುವಿಗೆ ವಾರಕ್ಕೊಮ್ಮೆಯಾದರೂ ಮನೆಯವರ ಜೊತೆ ಗೋಪ್ಯವಾಗಿ, ಅಂದರೆ ಯಾರೂ ಕೇಳಿಸಿಕೊಳ್ಳದೆ, ಮಾತಾಡಲು ಅವಕಾಶ ಕೊಡಬೇಕು. ಮನೆಯ ಕರೆಯನ್ನು ಶಿಕ್ಷೆಯಾಗಿ ಕಿತ್ತುಕೊಳ್ಳುವ ಹಾಗಿಲ್ಲ. ನಮ್ಮ ಕೈಪಿಡಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಅಕ್ಕನ ಹೆಸರಲ್ಲಿ ನಾನೇ ಇಮೇಲ್ ಬರೆದೆ. ಆ ಕಾನೂನಿನ ನಂಬರ್ ಹಾಕಿ, ಈ ವಾರದ ಗೋಪ್ಯ ಕರೆ ಯಾವಾಗ ಅಂತ ಕೇಳಿದೆ. ಚಿಕಿತ್ಸೆಯ ಕಾರಣಕ್ಕೆ ಸದ್ಯ ಆಗುವುದಿಲ್ಲ ಅಂತ ಉತ್ತರ ಬಂತು. ಆ ಕಾರಣವನ್ನು ಬರೆದು, ನಿರ್ಧಾರ ಮಾಡಿದವರ ಹೆಸರು, ಲೈಸೆನ್ಸ್ ನಂಬರ್ ಹಾಕಿ ಕಳಿಸಿ ಅಂದೆವು. ಮರುದಿನ ಕರೆಗೆ ಸಮಯ ಕೊಟ್ಟರು. ಕಾರಣ ಮಾಯವಾಗಿತ್ತು.

ಆ ಭಾನುವಾರ ನಾನೂ ಅಕ್ಕನ ಮನೆಯಲ್ಲಿದ್ದೆ. ಅಕ್ಕ "ನಾನು ಮಾತಾಡಲ್ಲ, ಅತ್ತುಬಿಡ್ತೀನಿ" ಅಂದಳು. ಫೋನ್ ಅಮ್ಮನ ಕೈಗೆ ಹೋಯಿತು.

"ಊಟ ಆಯ್ತೇನೋ ಮಗಾ?"

ಆ ಕಡೆ ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣ ದನಿ. "ಅಜ್ಜಿ, ಯಾರೂ ಇಲ್ಲ ಇಲ್ಲಿ. ಕನ್ನಡದಲ್ಲಿ ಹೇಳ್ಲಾ?"

"ಹೇಳೋ, ನಂಗೆ ಬರೋದು ಅದೊಂದೇ."

ಅವನ ಕನ್ನಡ ಅಮೆರಿಕದಲ್ಲಿ ಬೆಳೆದ ಮಕ್ಕಳ ಕನ್ನಡ. ಅನ್ನ, ಸಾರು, ಬಾ, ಹೋಗು, ಮಲಗು. ಇದ್ದ ಅಷ್ಟೇ ಮಾತಿನಲ್ಲಿ ಹೇಳಿದ. "ಮೂರು ಜನ ನನ್ನ ಮೇಲೆ ಕೂತ್ಕೊಂಡ್ರು ಅಜ್ಜಿ. ಮುಖ ಕೆಳಗೆ. ಉಸಿರು ಬರ್ಲಿಲ್ಲ."

"ಯಾಕೋ? ಏನು ಮಾಡ್ದೆ ನೀನು?"

"ಬಾತ್‌ರೂಮಿಗೆ ಹೋದೆ. ಕೇಳ್ಲಿಲ್ಲ."

ಅಮ್ಮ ಒಂದೊಂದೇ ಕೇಳುತ್ತಾ ಹೋದರು. ಎಲ್ಲಿ ಮಲಗ್ತೀಯ? ನಡುಮನೆಯಲ್ಲಿ, ಲೈಟ್ ಹಾಕಿರ್ತಾರೆ. ಯಾರ ಜೊತೆ ಆಡ್ತೀಯ? ಮಾತಾಡೋ ಹಾಗಿಲ್ಲ, ಈಗ ನಾನು ಸೈಲೆನ್ಸಲ್ಲಿ ಇದ್ದೀನಿ. ಶೂ ಕೊಟ್ಟಿಲ್ಲ, ಓಡಿಹೋಗ್ತೀನಿ ಅಂತ. ಕಲ್ಲು ಎತ್ತಿ ಆ ಕಡೆ ಇಡಬೇಕು, ಆಮೇಲೆ ವಾಪಸ್ ಈ ಕಡೆ. ಸಂಜೆ ಎಲ್ಲಾರೂ ಸುತ್ತ ಕೂತು ನನಗೆ ಬೈತಾರೆ, ನಾನೂ ಬೇರೆಯವರಿಗೆ ಬೈಬೇಕು, ಬೈದಿಲ್ಲ ಅಂದ್ರೆ ಲೆವೆಲ್ ಹೋಗತ್ತೆ. ನಾನು ಹೆರಾಯಿನ್ ತಗೊಂಡೆ ಅಂತ ಹೇಳಿದೆ ಅಜ್ಜಿ, ತಗೊಂಡಿಲ್ಲ, ಸುಳ್ಳು ಹೇಳಿದೆ, ಹೇಳದೆ ಇದ್ರೆ ಬಿಡಲ್ಲ.

ಇಷ್ಟು ದಿನ ಅವನನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. ಭಾವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಯಾವತ್ತು ಹೊರಡೋಣ?" ಅಂದರು.

ಮುಖ ಕೆಳಗೆ ಮಾಡಿ ಮೇಲೆ ಭಾರ ಹಾಕಿ ಹಿಡಿಯುವುದು ಎಷ್ಟು ಅಪಾಯ ಅಂತ ನಾನು ಓದಿದ್ದೆ. 2020ರಲ್ಲಿ ಮಿಷಿಗನ್‌ನ ಕಲಮಜೂನಲ್ಲಿ, ಇಂಥದ್ದೇ ವಸತಿ ಕೇಂದ್ರದಲ್ಲಿ, 16ರ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಸ್ಯಾಂಡ್‌ವಿಚ್ ಎಸೆದದ್ದಕ್ಕೆ ಸಿಬ್ಬಂದಿ ಅವನ ಮೇಲೆ ಬಿದ್ದು ಅದುಮಿ ಹಿಡಿದರು. ಹುಡುಗ ಸತ್ತ. ಮರಣೋತ್ತರ ಪರೀಕ್ಷೆ ಅದನ್ನು ನರಹತ್ಯೆ ಎಂದೇ ದಾಖಲಿಸಿತು. ಹಾಗಾಗಿ ನಮ್ಮ ಮನೆಯಲ್ಲಿ ಚರ್ಚೆ ಮುಗಿದಿತ್ತು.

ಕರೆದುಕೊಂಡು ಬರುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಮೊದಲೇ ಫೋನ್ ಮಾಡಿ ಬರ್ತೀವಿ ಅಂತ ಹೇಳಲಿಲ್ಲ. ಹೇಳಿದರೆ ಹುಡುಗನ ಮನಸ್ಸು ತಿರುಗಿಸುವುದಕ್ಕೆ, ನಮ್ಮ ಮನಸ್ಸು ತಿರುಗಿಸುವುದಕ್ಕೆ ಅವರಿಗೆ ಸಮಯ ಸಿಗುತ್ತೆ. ಸೇರಿಸುವಾಗ ಅಕ್ಕ ಭಾವ ಒಂದು ಅಧಿಕಾರ ಪತ್ರಕ್ಕೆ ನೋಟರಿ ಮುಂದೆ ಸಹಿ ಹಾಕಿದ್ದರು, ಮಗನ ಮೇಲಿನ ಹಲವು ಹಕ್ಕು ಕೇಂದ್ರಕ್ಕೆ ಕೊಟ್ಟು. ಅದನ್ನು ರದ್ದು ಮಾಡುವ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಅಪ್ಪ ಅಮ್ಮ ಇಬ್ಬರ ಸಹಿಯೂ ಇರಲಿ, ಒಬ್ಬರದ್ದೇ ಆದರೆ ಅಲ್ಲಿ ಎಳೆದಾಡುತ್ತಾರೆ. ಮಗನ ಜನನ ಪತ್ರ, ಒಪ್ಪಂದದ ಪ್ರತಿ, ಇಮೇಲ್‌ಗಳ ಪ್ರಿಂಟ್ ಕೈಚೀಲದಲ್ಲಿ. ಆ ಊರಿನ ಶೆರಿಫ್ ಕಚೇರಿಯ, ಅಂದರೆ ಸ್ಥಳೀಯ ಪೊಲೀಸರ, ಸಾಮಾನ್ಯ ನಂಬರನ್ನೂ ಬರೆದುಕೊಂಡೆವು. ತಕರಾರು ಆದರೆ ಒಬ್ಬ ಡೆಪ್ಯುಟಿ ಬಂದು ಸುಮ್ನೆ ಪಕ್ಕದಲ್ಲಿ ನಿಲ್ಲುವಂತೆ ಕೇಳಬಹುದು. ನಮಗೆ ಅದರ ಅಗತ್ಯ ಬೀಳಲಿಲ್ಲ.

ವಾರದ ಮಧ್ಯದ ದಿನ ಬೆಳಿಗ್ಗೆ ಹೋದೆವು. ಕಚೇರಿ ತೆರೆದಿರುತ್ತೆ, ಜವಾಬ್ದಾರಿ ಇರುವವರು ಸಿಗುತ್ತಾರೆ. ನಿರ್ದೇಶಕರು ಕಾಫಿ ಕೊಟ್ಟು ಕೂರಿಸಿದರು. ಮಗ ಈಗಷ್ಟೇ ಒಂದು ತಿರುವಿಗೆ ಬಂದಿದ್ದಾನೆ ಅಂದರು. ಈಗ ಕರೆದುಕೊಂಡು ಹೋದರೆ ಆರು ತಿಂಗಳಲ್ಲಿ ಸತ್ತಿರುತ್ತಾನೆ ಅಂದರು. ಅಕ್ಕನ ಕೈ ನಡುಗುವುದು ನನಗೆ ಕಾಣುತ್ತಿತ್ತು. ಈ ಮಾತಿಗೆ ಎಷ್ಟು ತಾಯಂದಿರು ವಾಪಸ್ ಹೋಗಿದ್ದಾರೋ ಏನೋ. ಆಮೇಲೆ ಒಂದು ಫಾರ್ಮ್ ಮುಂದಿಟ್ಟರು. ವೈದ್ಯರ ಸಲಹೆಯ ವಿರುದ್ಧ ಕರೆದೊಯ್ಯುತ್ತಿದ್ದೇವೆ ಅಂತ ನಾವು ಒಪ್ಪುವ ಫಾರ್ಮ್.

"ಯಾವ ವೈದ್ಯರ ಸಲಹೆ? ಹೆಸರು ಬರೆಯಿರಿ, ಸಹಿ ಹಾಕ್ತೀವಿ" ಅಂದೆ ನಾನು.

ಹೆಸರಿನ ಜಾಗ ಖಾಲಿಯೇ ಉಳಿಯಿತು. ಭಾವ ಪೆನ್ ತೆಗೆದುಕೊಂಡು, ಯಾವ ವೈದ್ಯರೂ ನಮ್ಮ ಮಗನನ್ನು ನೋಡಿದ ದಾಖಲೆ ನಮಗೆ ಕೊಟ್ಟಿಲ್ಲ ಅಂತ ಅದರ ಮೇಲೇ ಬರೆದು, ತಾರೀಕು ಹಾಕಿ ಸಹಿ ಮಾಡಿದರು. ಅದರ ಫೋಟೊ ತೆಗೆದುಕೊಂಡೆ. ಅಂಥ ಫಾರ್ಮ್‌ಗೆ ಸಹಿ ಹಾಕಲೇಬೇಕು ಅಂತೇನಿಲ್ಲ, ಹಾಕುವುದಾದರೆ ನಿಮ್ಮ ಮಾತನ್ನೂ ಅದರಲ್ಲೇ ಬರೆಯಿರಿ.

ಹುಡುಗ ಬಂದ. ಬಟ್ಟೆಯೆಲ್ಲ ಕಪ್ಪು ಕಸದ ಚೀಲದಲ್ಲಿ. ಕಾಲಲ್ಲಿ ರಬ್ಬರ್ ಚಪ್ಪಲಿ, ಹೊರಗೆ ಚಳಿ. ನಮ್ಮನ್ನು ನೋಡಿಯೂ ಓಡಿ ಬರಲಿಲ್ಲ. ಹೊಸ್ತಿಲ ಹತ್ತಿರ ನಿಂತು, ನೆಲ ನೋಡುತ್ತಾ, ಇಂಗ್ಲಿಷಿನಲ್ಲಿ ಕೇಳಿದ: ದಾಟಬಹುದಾ? ಅಲ್ಲಿ ಪ್ರತಿ ಬಾಗಿಲಿಗೂ ಹಾಗೆ ಕೇಳಬೇಕಂತೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಟಾಯ್ಲೆಟ್ ಬಾಗಿಲ ಮುಂದೆ ಹಾಗೇ ನಿಂತಿದ್ದ. ಭಾವ ಹೋಗಿ "ಹೋಗಪ್ಪಾ" ಅನ್ನುವವರೆಗೂ ಒಳಗೆ ಹೋಗಲಿಲ್ಲ.

ಮರುದಿನವೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಇದನ್ನು ಮುಂದೂಡಬಾರದು, ಗಾಯ ಮಾಯುತ್ತೆ. ಎದೆಯ ಮೇಲೆ, ಮೊಣಕಾಲ ಮೇಲೆ ಹಳದಿ ತಿರುಗಿದ ಕಲೆಗಳಿದ್ದವು. ಡಾಕ್ಟರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದರು, ಹುಡುಗ ಹೇಳಿದ್ದನ್ನು ಅವನದ್ದೇ ಮಾತಿನಲ್ಲಿ ಬರೆದುಕೊಂಡರು. ತೂಕವೂ ಇಳಿದಿತ್ತು. ಇನ್ನೊಂದು ಮುಖ್ಯ ವಿಷಯ ಅವರೇ ಹೇಳಿದರು. ಓಪಿಯಾಯ್ಡ್, ಅಂದರೆ ಆಕ್ಸಿಕೊಡೋನ್, ಫೆಂಟನಿಲ್ ಜಾತಿಯ ಮಾದಕ, ಮುಟ್ಟದೆ ತಿಂಗಳುಗಟ್ಟಲೆ ಇದ್ದವರ ದೇಹ ಅದನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತೆ. ಮೊದಲು ತಗೊಳ್ಳುತ್ತಿದ್ದಷ್ಟೇ ಮತ್ತೆ ತಗೊಂಡರೆ ಜೀವಕ್ಕೆ ಅಪಾಯ. ಹಾಗಾಗಿ ಮನೆಯಲ್ಲಿ ನಲಾಕ್ಸೋನ್ ಮೂಗಿನ ಸ್ಪ್ರೇ ಇಟ್ಟುಕೊಳ್ಳಿ, ಅದು ಓಪಿಯಾಯ್ಡ್ ಮಿತಿಮೀರಿದಾಗ ಅದರ ಪರಿಣಾಮ ತಡೆಯುವ ಔಷಧಿ ಅಂದರು. 2023ರಿಂದ ಅದು ಚೀಟಿ ಇಲ್ಲದೆಯೂ ಔಷಧಿ ಅಂಗಡಿಯಲ್ಲಿ ಸಿಗುತ್ತೆ. ಅಮ್ಮನಿಗೂ ಅದನ್ನು ಹೊಡೆಯುವುದು ಹೇಗೆ ಅಂತ ಕಲಿಸಿದೆವು. ಅಷ್ಟು ದುಡ್ಡು ತಗೊಂಡ ಕೇಂದ್ರದವರು ಹೊರಡುವಾಗ ಇದೊಂದು ಮಾತು ಹೇಳಬಹುದಿತ್ತು.

ಆಮೇಲೆ ದಾಖಲೆ ಕೇಳುವ ಕೆಲಸ. ಇಲ್ಲಿ ನಾನು ಸ್ವಲ್ಪ ಹಟವಾದಿ. ಹಿಪಾ ಅನ್ನುವ, ರೋಗಿಗಳ ದಾಖಲೆ ಕುರಿತ ಫೆಡರಲ್ ಕಾನೂನಿನ ಪ್ರಕಾರ ಕೇಳಿದ 30 ದಿನದೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ಮೊದಲು ಕೊಡಲ್ಲ ಅಂದರು. ಡ್ರಗ್ಸ್ ಚಿಕಿತ್ಸೆಯ ದಾಖಲೆಗೆ ಬೇರೆ ಫೆಡರಲ್ ನಿಯಮ ಇದೆ, ಹುಡುಗನ ಸಹಿ ಬೇಕು ಅಂದರು. ಅಂಥ ನಿಯಮ ಇರುವುದು ಹೌದು, ರೋಗಿಯ ಗುಟ್ಟು ಕಾಯುವುದಕ್ಕೆ ಮಾಡಿದ್ದು. ಇಲ್ಲಿ ಅದನ್ನೇ ರೋಗಿಯ ಮೇಲೆ ತಿರುಗಿಸಿದ್ದರು. ಹುಡುಗ ಅಡುಗೆಮನೆಯ ಮೇಜಿನ ಮೇಲೆ ಫಾರ್ಮ್ ಇಟ್ಟುಕೊಂಡು ದೊಡ್ಡದಾಗಿ ಸಹಿ ಹಾಕಿದ. ಕೇಳಿದ್ದು ಇಷ್ಟು: ಥೆರಪಿ ಟಿಪ್ಪಣಿಗಳು, ಹಿಡಿದು ಅದುಮಿದ ಘಟನೆಗಳ ವರದಿ, ಕೊಟ್ಟ ಔಷಧಿಗಳ ಪಟ್ಟಿ, ಸಾಲುಸಾಲಾಗಿ ಬಿಡಿಸಿದ ಬಿಲ್ಲು.

ಬಂದ ಟಿಪ್ಪಣಿಗಳನ್ನು ಓದಿ ನಗು ಬಂತು, ಆಮೇಲೆ ಹೊಟ್ಟೆ ತೊಳಸಿತು. ಗುಂಪಿನಲ್ಲಿ ಭಾಗವಹಿಸಿದ, ಮನಃಸ್ಥಿತಿ ಸರಿಯಿದೆ. ಪ್ರತಿ ದಿನ ಅದೇ ವಾಕ್ಯ, ಅದೇ ಚುಕ್ಕಿ. ಒಂದೆರಡು ಕಡೆ 'ಅವಳು ಭಾಗವಹಿಸಿದಳು' ಅಂತಿತ್ತು. ಯಾವುದೋ ಹುಡುಗಿಯ ಫೈಲಿನಿಂದ ಎತ್ತಿ ಅಂಟಿಸಿದ್ದಾರೆ. ಮೂವರು ಅವನ ಮೇಲೆ ಕೂತ ದಿನವೂ ಮನಃಸ್ಥಿತಿ ಸರಿಯೇ ಇತ್ತಂತೆ. ಆ ಘಟನೆಯ ವರದಿ ಮಾತ್ರ ಇಲ್ಲ. 90837ರ ಒಂದು ಗಂಟೆಯ ಥೆರಪಿ? ಹುಡುಗ ಹೇಳುವ ಪ್ರಕಾರ ಥೆರಪಿಸ್ಟ್ ಕಾರಿಡಾರಿನಲ್ಲಿ ಸಿಕ್ಕಾಗ ಹತ್ತು ನಿಮಿಷ ಮಾತಾಡಿಸುತ್ತಿದ್ದರು, ಅದೂ ಅಪರೂಪಕ್ಕೆ.

ದೂರು ಬರೆಯುವಾಗ ಒಂದು ವಿಷಯ ಕಲಿತೆ. ಅಮಾನವೀಯ, ಘೋರ ಅನ್ನುವ ಮಾತುಗಳನ್ನು ಓದುವ ಅಧಿಕಾರಿ ಹಾಗೇ ದಾಟಿಕೊಂಡು ಹೋಗುತ್ತಾರೆ. ತಾರೀಕು, ಹೊತ್ತು, ಕೋಣೆ, ಯಾರು ಇದ್ದರು, ಕ್ಯಾಮೆರಾ ಎಲ್ಲಿತ್ತು ಅಂತ ಬರೆದರೆ ನಿಲ್ಲುತ್ತಾರೆ. ಹುಡುಗ ಇಡೀ ಕಟ್ಟಡದ ನಕ್ಷೆ ಬಿಡಿಸಿಕೊಟ್ಟ. ಕ್ಯಾಮೆರಾ ಇರುವ ಕಡೆ ಒಂದು ಗುರುತು, ಇಲ್ಲದ ಮೂಲೆಗಳಿಗೆ ಇನ್ನೊಂದು. ಅಲ್ಲಿದ್ದ ಮಕ್ಕಳಿಗೆಲ್ಲ ಆ ಮೂಲೆಗಳು ಗೊತ್ತಂತೆ.

ದೂರು ಹೋದದ್ದು ಯೂಟಾದ ಲೈಸೆನ್ಸಿಂಗ್ ಕಚೇರಿಗೆ, ಮಕ್ಕಳ ರಕ್ಷಣೆಯ ಹಾಟ್‌ಲೈನ್‌ಗೆ, ಕೇಂದ್ರಕ್ಕೆ ಮಾನ್ಯತೆ ಕೊಟ್ಟ ಸಂಸ್ಥೆಗೆ, ಇನ್ಶೂರೆನ್ಸ್ ಕಂಪನಿಯ ವಂಚನೆ ತನಿಖಾ ವಿಭಾಗಕ್ಕೆ. ಇನ್ನೊಂದು ಬಾಗಿಲು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಪ್ರತಿ ರಾಜ್ಯದಲ್ಲೂ ಪ್ರೊಟೆಕ್ಷನ್ ಅಂಡ್ ಅಡ್ವೊಕಸಿ ಅನ್ನುವ ಸಂಸ್ಥೆ ಇದೆ. ಅಂಗವೈಕಲ್ಯ, ಮಾನಸಿಕ ಕಾಯಿಲೆ ಇರುವವರ ಹಕ್ಕು ಕಾಯುವುದು ಅದರ ಕೆಲಸ. ಇಂಥ ಕೇಂದ್ರಗಳ ಒಳಗೆ ಹೋಗಿ ನೋಡುವ, ಅಲ್ಲಿರುವವರ ಜೊತೆ ಮಾತಾಡುವ ಅಧಿಕಾರ ಫೆಡರಲ್ ಕಾನೂನಿನಿಂದಲೇ ಅದಕ್ಕೆ ಇದೆ. ಅಲ್ಲಿಂದ ಬಂದ ಹೆಂಗಸು ಹುಡುಗನ ಜೊತೆ ಮಾತಾಡುವಾಗ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಅವನು ಬೇಕು ಅಂದರೆ ಮಾತ್ರ ಬನ್ನಿ ಅಂದರು. ಅವನು ಬೇಡ ಅಂದ. ನನಗೆ ಖುಷಿಯಾಯಿತು.

ನಾವು ಈ ಓಡಾಟದಲ್ಲಿದ್ದಾಗಲೇ, 2024ರ ಡಿಸೆಂಬರ್‌ನಲ್ಲಿ, ಸಂಸ್ಥೆಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಫೆಡರಲ್ ಕಾನೂನಿಗೆ ಸಹಿ ಬಿತ್ತು. ಹೆಸರು ದೊಡ್ಡದು. ಒಳಗೆ ನೋಡಿದರೆ ಅದು ಹೇಳುವುದು ಮುಖ್ಯವಾಗಿ ಅಧ್ಯಯನ ಮಾಡಿ ಅಂತ, ಮುಚ್ಚಿಸಿ ಅಂತಲ್ಲ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ 1974ರಲ್ಲೇ ವರದಿ ಬಂದಿದ್ದ ವಿಷಯಕ್ಕೆ ಇನ್ನೂ ಅಧ್ಯಯನ ಬೇಕಾ ಅಂತ ಕೇಳಬೇಕು ಅನ್ನಿಸುತ್ತೆ.

ಹುಡುಗನ ಚಿಕಿತ್ಸೆ ಈಗ ಮನೆಯಿಂದಲೇ. ಹದಿಹರೆಯದವರ ವ್ಯಸನ ನೋಡುವ ಡಾಕ್ಟರು, ವಾರಕ್ಕೊಮ್ಮೆ ಥೆರಪಿ, ಕೆಲವು ಸಲ ಅಕ್ಕ ಭಾವನೂ ಜೊತೆಗೆ ಕೂರಬೇಕು. ಬೈಯುವುದಿಲ್ಲ, ಕಿರುಚುವುದಿಲ್ಲ. ಡಾಕ್ಟರು ಮೊದಲ ದಿನ ಡ್ರಗ್ಸ್ ಬಗ್ಗೆ ಕೇಳಲೇ ಇಲ್ಲ, ಅಲ್ಲಿ ಏನಾಯ್ತು ಅಂತ ಕೇಳಿದರು. ನಡುವೆ ಒಮ್ಮೆ ಮತ್ತೆ ವೇಪ್ ಮಾಡಿದ, ಅವನೇ ಬಂದು ಹೇಳಿದ. ಮಲಗುವಾಗ ಬಾಗಿಲು ತೆರೆದೇ ಇರಬೇಕು, ಲೈಟ್ ಮಾತ್ರ ಪೂರ್ತಿ ಆರಿಸಬೇಕು.

ಲೈಸೆನ್ಸಿಂಗ್ ಕಚೇರಿ ಕೇಂದ್ರಕ್ಕೆ ಕೆಲವು ನಿಯಮಭಂಗದ ನೋಟಿಸ್ ಕೊಟ್ಟಿತು, ಕರೆಗಳ ಬಗ್ಗೆ, ಬರೆಯದ ವರದಿಯ ಬಗ್ಗೆ. ಕೇಂದ್ರ ತಿದ್ದಿಕೊಳ್ಳುವ ಯೋಜನೆ ಸಲ್ಲಿಸಿ ನಡೆಯುತ್ತಲೇ ಇದೆ. ಇನ್ಶೂರೆನ್ಸ್ ಕಂಪನಿ ಆ ಥೆರಪಿಗಳ ಹಣ ವಾಪಸ್ ಕೇಳಿದೆ. ನನಗೆ ಅನ್ನಿಸುವ ಪ್ರಕಾರ ಅವರಿಗೆ ನಿಜವಾಗಿ ಬಿಸಿ ಮುಟ್ಟಿದ್ದು ಅಲ್ಲೇ.

ಅಲ್ಲಿನ ಮಕ್ಕಳು ಒಬ್ಬರ ಮನೆಯ ನಂಬರನ್ನು ಇನ್ನೊಬ್ಬರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಯಾರು ಮೊದಲು ಹೊರಗೆ ಹೋಗುತ್ತಾರೋ ಅವರು ಉಳಿದವರ ಮನೆಗೆ ತಿಳಿಸಬೇಕು ಅಂತ ಒಪ್ಪಂದ. ನಮ್ಮವನು ಬಂದ ರಾತ್ರಿಯೇ ಒಂದು ನಂಬರ್ ಹೇಳಿ ಬರೆಸಿದ. ಆ ಹುಡುಗನ ತಾಯಿಗೆ ನಾನು ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ನಿಮ್ಮ ಹುಡುಗ ನಿಮ್ಮನ್ನು ಆಡಿಸುತ್ತಿದ್ದಾನೆ, ಕೈಪಿಡಿ ಓದಿಲ್ವಾ ಅಂತ ಕೇಳಿ ಇಟ್ಟುಬಿಟ್ಟರು. ಕೆಲವು ವಾರ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಗೋಪ್ಯ ಕರೆ ಕೇಳಿ ನೀವು ಬರೆದ ಇಮೇಲ್ ಇದೆಯಾ, ಕಳಿಸಿ ಅಂದರು. ಅಕ್ಕನ ಹೆಸರು ತೆಗೆದು, ಕಾನೂನಿನ ನಂಬರ್ ಹಾಗೇ ಉಳಿಸಿ ಕಳಿಸಿದೆ.